ಹುಳುಮನೆಯ ಸದ್ದು

ಜೂನ್ 2, ಸೋಮವಾರ

ಅಂಗನವಾಡಿಯಲ್ಲಿದ್ದಷ್ಟು ವರ್ಷವೂ ದಿನಾ ಸರ್ಕಾರಕ್ಕೆ ಬರೆದು ಕೊಟ್ಟೆ. ಎಷ್ಟು ಮಕ್ಕಳು ಬಂದರು, ಎಷ್ಟು ಮೊಟ್ಟೆ ಬೆಂದವು, ಯಾರ ತೂಕ ಏರಲಿಲ್ಲ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ, ಈಗ ನನಗೇ ಬರೆದುಕೊಳ್ಳುತ್ತೇನೆ. ಓದಿ ಸಹಿ ಹಾಕುವ ಸೂಪರ್‌ವೈಸರ್ ಇಲ್ಲ ಎಂಬುದೇ ದೊಡ್ಡ ಸುಖ. ಬಾಯಿಗೆ ಬಂದದ್ದನ್ನು ಬರೆಯಬಹುದು.

ಇವತ್ತು ಮರಿಹುಳು ಸಾಕಿ ಕೊಡುವ ಚಾಕಿ ಸೆಂಟರಿನಿಂದ ರೇಷ್ಮೆಹುಳು ಬಂದವು. ಎರಡು ಜ್ವರ ಎದ್ದ, ಅಂದರೆ ಎರಡು ಸಲ ಚರ್ಮ ಕಳಚಿದ ಹುಳು, ಒಳ್ಳೆ ಚುರುಕಾಗಿವೆ. ನಮ್ಮ ಸೊಸೆ ಮಹಾರಾಣಿ ಮಾತ್ರ ಚುರುಕಿಲ್ಲ. ಹುಳುಮನೆ ತೊಳೆದು ಬ್ಲೀಚಿಂಗ್ ಹೊಡೆದದ್ದು ನಾನು ಮತ್ತು ಪಕ್ಕದ ಮನೆ ಓಬಳಮ್ಮ. ಶಿರೀಷಾ ಎರಡು ಬಕೆಟ್ ನೀರು ತಂದವಳು ಮೂರನೆಯದಕ್ಕೆ ಜಗಲಿಯ ಮೇಲೆ ಕೂತುಬಿಟ್ಟಳು.

“ಬ್ಲೀಚಿಂಗ್ ವಾಸನೆಗೆ ಎದೆ ಹಿಡ್ಕೊಂಡಂಗಾಗ್ತದೆ ಅತ್ತಮ್ಮ. ನೀವು ಮಾಡ್ತಾ ಇರಿ, ಬಂದೆ.”

ಬಂದದ್ದು ಕೆಲಸ ಮುಗಿದ ಮೇಲೆ. ನನಗೆ ಅರವತ್ತಾರು, ಅವಳಿಗೆ ನಲವತ್ತೊಂದು. ಇಬ್ಬರಲ್ಲಿ ಯಾರು ಕೂರಬೇಕು, ಯಾರು ನಿಲ್ಲಬೇಕು? ಮಗನಿಗೆ ಹೇಳೋಣವೆಂದರೆ ಅವನು ಚಿಂತಾಮಣಿ ಡಿಪೋದಲ್ಲಿ ಕಂಡಕ್ಟರು. ಕಂಡವರಿಗೆಲ್ಲ ಜಾಗ ಮಾಡಿ ಕೂರಿಸುವುದೇ ರಮೇಶ್‌ಬಾಬುವಿನ ಕೆಲಸ, ಹೆಂಡತಿಯನ್ನೂ ಹಾಗೇ ಕೂರಿಸಿದ್ದಾನೆ. ಮೊಮ್ಮಗಳು ತನುಜ ಸ್ಕೂಲಿನಿಂದ ಬಂದವಳು ಹೇಳಿಸಿಕೊಳ್ಳದೆ ತಾಯಿಯ ಪಾಲಿನ ಹಿಪ್ಪುನೇರಳೆ ಸೊಪ್ಪನ್ನೂ ಹೊತ್ತು ತಂದಳು. ಏಳನೇ ಕ್ಲಾಸಿನ ಹುಡುಗಿ. ಅವಳಿಗಿರುವ ಕಾಳಜಿಯಲ್ಲಿ ಕಾಲು ಭಾಗ ಅವಳಮ್ಮನಿಗಿದ್ದರೆ ಸಾಕಾಗಿತ್ತು.

ಜೂನ್ 4, ಬುಧವಾರ

ಮೈಯೆಲ್ಲ ಉರಿಯುತ್ತಿದೆ. ಶಿರೀಷಾಳ ಕಾಲಲ್ಲಿ ಕಾಲುಂಗುರ ಇಲ್ಲ. ಗಂಡ ಗಟ್ಟಿಮುಟ್ಟಾಗಿ ಬಸ್ಸಿನಲ್ಲಿ ಸೀಟಿ ಊದಿಕೊಂಡಿರುವಾಗ ಇವಳು ಎರಡೂ ಕಾಲಿನದನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟಿದ್ದಾಳೆ. ನೆಲ ಒರೆಸುವಾಗ ಕಣ್ಣಿಗೆ ಬಿತ್ತು. ಕೇಳಿದೆ.

“ಬಿಗಿ ಆಗವೆ ಅತ್ತಮ್ಮ. ದಪ್ಪ ಆಗ್ತಾ ಇದ್ದೀನಲ್ಲ.”

ದಪ್ಪ ಆಗುವವಳು ಉಣ್ಣುವುದು ಕೋಳಿ ಕುಕ್ಕಿದಷ್ಟು. ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಾಳೆ, ಹೊಟ್ಟೆ ತುಂಬಿದಂತೆ ಆಗುತ್ತದಂತೆ. ಬರಿಗಾಲಿನ ಬೆರಳು ಅಂದರೆ ಏನು ಅಂತ ನನ್ನನ್ನು ಕೇಳಲಿ. ನಮ್ಮ ಯಜಮಾನರು ಆವಲಪ್ಪನವರು ಹೋದ ದಿನ ನನ್ನ ಕಾಲಿನಿಂದ ಬಿಚ್ಚಿದರಲ್ಲ, ಆವತ್ತಿನಿಂದ ಅಲ್ಲಿ ಗಾಳಿ ಆಡಿದರೂ ಗೊತ್ತಾಗುತ್ತದೆ. ಇವಳಿಗೆ ಇದೆಲ್ಲ ಸಲೀಸು. ಮಾತು ಬಿಟ್ಟಿದ್ದೇನೆ.

ಜೂನ್ 6, ಶುಕ್ರವಾರ

ಹುಳು ಮೂರನೇ ಜ್ವರಕ್ಕೆ ಕೂತವು. ಸೊಪ್ಪು ಬಿಟ್ಟು, ತಲೆಯೆತ್ತಿ, ಹಳೆ ಚರ್ಮ ಕಳಚಿಕೊಳ್ಳಲು ಕಲ್ಲಿನ ಹಾಗೆ ಕೂತಿವೆ. ಈ ಹೊತ್ತಿನಲ್ಲಿ ಹುಳು ಸಾಕುವ ಅಟ್ಟಣೆ ಅಲುಗಾಡಿಸಬಾರದು, ಜೋರು ಮಾತಾಡಬಾರದು, ಕೆಮ್ಮಿದರೂ ಆಚೆ ಹೋಗಿ ಕೆಮ್ಮಬೇಕು. ನಮ್ಮತ್ತೆಯ ಕಾಲದಿಂದ ಈ ಮನೆಯಲ್ಲಿ ನಡೆದು ಬಂದದ್ದು. ಹುಳುವಿಗೆ ಕಿವಿಯಿಲ್ಲ ಅಂತ ತನುಜ ವಿಜ್ಞಾನ ಹೇಳುತ್ತಾಳೆ. ಕಿವಿ ಇರಲಿ ಬಿಡಲಿ, ಜ್ವರ ಬಂದವರ ಮನೆಯಲ್ಲಿ ಗಲಾಟೆ ಮಾಡುವುದು ಮರ್ಯಾದೆಯಲ್ಲ.

ಬೆಳಗ್ಗೆ ಶಿರೀಷಾ ಜೊತೆ ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದೆ. ತಿನ್ನುವ ಸದ್ದು ನಿಂತ ಹುಳುಮನೆಯಷ್ಟು ಮೌನ ಇನ್ನೆಲ್ಲೂ ಇರುವುದಿಲ್ಲ. ಆ ಮೌನದಲ್ಲಿ ಎಲ್ಲಿಂದಲೋ ಸುಯ್ ಸುಯ್ ಅಂತ ಕೇಳಿಸಿತು. ಇಲಿ ಹೊಕ್ಕಿತೇನೋ ಎಂದು ಅಟ್ಟಣೆಯ ಕೆಳಗೆಲ್ಲ ಬಗ್ಗಿ ನೋಡಿದೆ. ಆಮೇಲೆ ತಿಳಿಯಿತು, ಇವಳು ಉಸಿರಾಡುತ್ತಿದ್ದ ಸದ್ದು.

“ಮೆಲ್ಲಗೆ ಉಸಿರಾಡಬಾರದಾ? ಹುಳು ಜ್ವರಕ್ಕೆ ಕೂತವೆ” ಅಂದೆ. ಎರಡು ದಿನದ ಮೇಲೆ ಆಡಿದ ಮೊದಲ ಮಾತು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ಹೋದಳು. ಮೆಟ್ಟಿಲ ಮೇಲೆ ಕೂತಿದ್ದವಳ ಬೆನ್ನು ಬಾಗಿಲಿನಿಂದ ಕಾಣುತ್ತಿತ್ತು, ಕುಲುಮೆಯ ತಿದಿಯ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ನಾಟಕ ಮಾಡುವವಳು ನನಗೆ ಬೆನ್ನು ಹಾಕಿ ಯಾಕೆ ಮಾಡುತ್ತಾಳೆ ಅನ್ನಿಸಿತು. ಸುಣ್ಣ ಉದುರಿಸುವುದನ್ನು ನಾನೊಬ್ಬಳೇ ಮುಗಿಸಿದೆ.

ಜೂನ್ 7, ಶನಿವಾರ

ಓಬಳಮ್ಮ ಬಂದು ಶಿರೀಷಾಳನ್ನು ನೋಡಿ ಒಂದೇ ಮಾತಿಗೆ ಹೇಳಿದಳು, “ಅಯ್ಯೋ ದೇವುಡಾ, ಇದು ಹುಳುಮನೆ ದಮ್ಮು ಅಕ್ಕಾ. ನಮ್ಮ ಯಜಮಾನ್ರಿಗೂ ಹಿಂಗೇ ಸುರುವಾಗಿದ್ದು.” ಅವಳ ಗಂಡ ಗಂಗುಲಪ್ಪನಿಗೆ ಬ್ಲೀಚಿಂಗ್, ಸುಣ್ಣ, ಹುಳುವಿನ ಕಸ ಎಲ್ಲ ಸೇರಿ ಎದೆಗೆ ಕೂತು ವರ್ಷಗಳಾದವು. ಈ ಕಡೆ ಹುಳು ಸಾಕುವ ಮನೆಗೊಬ್ಬರಿಗೆ ಇದು ಇದ್ದದ್ದೇ. ಅವನು ಬಾಯಿಗೆ ಹೊಡೆದುಕೊಳ್ಳುವ ಪಂಪು ಇನ್ನೊಂದಿತ್ತು, ತಂದುಕೊಟ್ಟಳು. ನಾನು ಮೆಣಸಿನ ಕಷಾಯ ಕಾಸಿದೆ. ಮೂಗಿಗೆ ಕಟ್ಟಿಕೊಳ್ಳಲು ಆವಲಪ್ಪನವರ ಹಳೆ ಪಂಚೆ ಹರಿದು ಕೊಟ್ಟೆ. ಮೆದುವಾದ ಪಂಚೆ, ಇನ್ಯಾರಿಗೂ ಕೊಡುತ್ತಿರಲಿಲ್ಲ.

ಎರಡು ದಿನದಲ್ಲಿ ಸರಿಹೋಗುತ್ತದೆ.

ಜೂನ್ 11, ಬುಧವಾರ

ಸರಿಹೋಗಿಲ್ಲ.

ನಸುಕಿನಲ್ಲಿ ಹುಳುವಿಗೆ ಸೊಪ್ಪು ಹಾಕಲು ಎದ್ದು ಅವರ ಕೋಣೆಗೆ ಹಣಕಿದೆ. ರಮೇಶ್‌ಬಾಬು ಡ್ಯೂಟಿಗೆ ಹೋಗಿಯಾಗಿತ್ತು. ಶಿರೀಷಾ ಗೋಡೆಗೆ ಮೂರು ದಿಂಬು ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. ಮಲಗಿದರೆ ಮುಳುಗಿದಂತೆ ಆಗುತ್ತದೆ, ವಾರದಿಂದ ಹೀಗೇ ಅಂತ ತನುಜ ಹೇಳಿದಳು. ವಾರದಿಂದ! ನನಗೆ ಯಾರೂ ಹೇಳಿಲ್ಲ. ಮಾತು ಬಿಟ್ಟವಳಿಗೆ ಯಾರು ಹೇಳುತ್ತಾರೆ.

ಕಂಬಳಿಯ ಆಚೆ ಕಾಲು ಚಾಚಿದ್ದಳು. ಹತ್ತಿರ ಹೋಗಿ ನೋಡಿದೆ. ಕಾಲುಂಗುರ ಇದ್ದ ಜಾಗದಲ್ಲಿ ಕೊರೆದ ಹಾಗೆ ಕೆಂಪು ಗೆರೆ, ಅದರ ಎರಡು ಪಕ್ಕದಲ್ಲೂ ಬೆರಳು ಉಬ್ಬಿವೆ. ಹೆಬ್ಬೆರಳಿನಿಂದ ಅವಳ ಕಣಕಾಲು ಒತ್ತಿದೆ. ಗುಳಿ ಬಿತ್ತು, ಮೇಲೆ ಬರಲಿಲ್ಲ. ಅಂಗನವಾಡಿಯಲ್ಲಿ ಬಸುರಿಯರ ಕಾಲು ಒತ್ತಿ ನೋಡುವುದನ್ನು ಕಲಿಸಿದ್ದರು. ಇದು ದಮ್ಮಲ್ಲ. ದಮ್ಮಿಗೆ ಕಾಲು ಊದುವುದಿಲ್ಲ. ಬ್ಲೀಚಿಂಗ್ ಅಂತೆ, ಸುಣ್ಣ ಅಂತೆ. ಎಂಥ ಮಂಕು ಕವಿದಿತ್ತು ನನಗೆ.

ಅವಳ ಎದೆಯಲ್ಲಿ ಆಪರೇಶನ್ ಮಾಡಿ ಕೂರಿಸಿದ ವಾಲ್ವಿಗೆ ಹದಿನಾಲ್ಕು ವರ್ಷವಾಯಿತು. ಮದುವೆಯಾಗಿ ಎರಡನೇ ವರ್ಷದಲ್ಲಿ ಕಾಯಿಲೆ ಕಂಡದ್ದು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಹೃದಯದ ವಾಲ್ವನ್ನು ತಿಂದುಹಾಕಿತ್ತು. ಬೆಂಗಳೂರಿನ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಎರಡು ಥರದ ವಾಲ್ವಿನ ಬಗ್ಗೆ ಹೇಳಿದರು. ಲೋಹದ್ದು ಜೀವಮಾನ ಪೂರ್ತಿ ಬರುತ್ತದೆ. ಆದರೆ ಪ್ರತಿದಿನ ರಕ್ತ ತೆಳು ಮಾಡುವ ಮಾತ್ರೆ, ಬಸುರಿಯಾದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ. ಇನ್ನೊಂದು ಹಸುವಿನ ಅಂಗಾಂಶದಿಂದ ಮಾಡಿದ್ದು. ಆ ಮಾತ್ರೆ ಬೇಕಿಲ್ಲ, ಮಗು ಮಾಡಿಕೊಳ್ಳಬಹುದು, ಆದರೆ ಬಾಳಿಕೆ ಕಡಿಮೆ. ಹತ್ತು ವರ್ಷವೋ ಹದಿನೈದೋ, ವಯಸ್ಸು ಚಿಕ್ಕದಾದಷ್ಟೂ ಬೇಗ ಸವೆಯುತ್ತದೆ, ಆಮೇಲೆ ಮತ್ತೆ ಎದೆ ತೆರೆಯಬೇಕು.

ಲೋಕದ ಅತ್ತೆಯರೆಲ್ಲ ಮೊಮ್ಮಗು ಬೇಕು ಅನ್ನುತ್ತಾರೆ. ನಾನು ಲೋಹದ್ದೇ ಇರಲಿ ಅಂದೆ. ಮಗು ಬೇಡ, ನೀನಿದ್ದರೆ ಸಾಕು, ಒಂದೇ ಸಲಕ್ಕೆ ಮುಗಿಯಲಿ ಅಂದೆ. ಕಾಡಿದೆ, ಬೇಡಿದೆ. ಅವಳು ಕೇಳಲಿಲ್ಲ. “ನನಗೆ ಮಗು ಬೇಕು ಅತ್ತಮ್ಮ” ಅಂದುಬಿಟ್ಟಳು. ತನುಜ ಹುಟ್ಟಿದ್ದು ಆ ಹಸುವಿನ ವಾಲ್ವಿನ ಮೇಲೆ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಬೇಕಿತ್ತು. ಕೊರೊನಾ ವರ್ಷ ತಪ್ಪಿಹೋಯಿತು. ಆಮೇಲೆ ಚೆನ್ನಾಗೇ ಇದ್ದಾಳಲ್ಲ ಅಂತ ಯಾರಿಗೂ ನೆನಪಾಗಲಿಲ್ಲ. ಚೆನ್ನಾಗಿರುವವರನ್ನು ಯಾರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ.

ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ರಮೇಶ್‌ಬಾಬುಗೆ ಫೋನು ಮಾಡಿ ನಾಳೆ ರಜೆ ಹಾಕು ಅಂದೆ. ಯಾಕಮ್ಮ ಅಂದ. ಹಾಕು ಅಂದೆ.

ಜೂನ್ 12, ಗುರುವಾರ

ಚಿಕ್ಕಬಳ್ಳಾಪುರದಲ್ಲಿ ಹೃದಯದ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ತೆರೆಯ ಮೇಲೆ ತೋರಿಸಿದರು. ವಾಲ್ವಿನ ಎಲೆಗಳಲ್ಲಿ ಸುಣ್ಣ ಕಟ್ಟಿ ಗಡುಸಾಗಿವೆಯಂತೆ, ಒಂದು ಕಡೆ ಹರಿದೂ ಇದೆಯಂತೆ. ತೆರೆಯಬೇಕಾದಾಗ ಪೂರ್ತಿ ತೆರೆಯುವುದಿಲ್ಲ, ಮುಚ್ಚಬೇಕಾದಾಗ ಪೂರ್ತಿ ಮುಚ್ಚುವುದಿಲ್ಲ. ರಕ್ತ ಹಿಂದಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ.

“ಇದು ಯಾರ ತಪ್ಪೂ ಅಲ್ಲ. ಈ ವಾಲ್ವಿನ ಆಯಸ್ಸೇ ಇಷ್ಟು, ಒಳ್ಳೆ ಬಾಳಿಕೆನೇ ಬಂದಿದೆ. ಆದರೆ ಇನ್ನು ಕಾಯೋ ಹಾಗಿಲ್ಲ. ನೀರು ಇಳಿಯೋಕೆ ಮಾತ್ರೆ ಕೊಡ್ತೀನಿ, ಈ ವಾರದಲ್ಲೇ ಬೆಂಗಳೂರಿಗೆ ಹೋಗಿಬಿಡಿ” ಅಂದರು.

ಬಸ್ಸಿನಲ್ಲಿ ಬರುವಾಗ ನನ್ನ ನಾಲಿಗೆಯ ತುದಿಯಲ್ಲಿ ಒಂದೇ ಮಾತು ಕುಣಿಯುತ್ತಿತ್ತು. ಶಿಡ್ಲಘಟ್ಟ ದಾಟುವ ತನಕ ತುಟಿ ಕಚ್ಚಿಕೊಂಡೇ ಕೂತಿದ್ದೆ.

ಜೂನ್ 13, ಶುಕ್ರವಾರ

ಹುಳು ಜ್ವರ ಎದ್ದವು. ಇನ್ನು ಒಂದು ವಾರ ಅವುಗಳ ಹೊಟ್ಟೆಗೆ ಬಿಡುವಿಲ್ಲ. ತಿಂದದ್ದೇ ತಿಂದದ್ದು, ಆಮೇಲೆ ಚಂದ್ರಿಕೆಯ ಬಿದಿರು ತಟ್ಟೆಯಲ್ಲಿ ಗೂಡು ಕಟ್ಟುತ್ತವೆ. ಶಿರೀಷಾ ಹಿಡಿದ ಹಟ ಅದೇ.

“ಈ ಬೆಳೆ ಗೂಡು ಕಟ್ಟಲಿ. ಚಂದ್ರಿಕೆಗೆ ಹಾಕಿ ಹೋಗಣ. ಹುಳು ಬಾಯಿ ತೆಕ್ಕೊಂಡು ಕೂತಿರೋವಾಗ ಮನೆ ಬಿಟ್ಟು ಹೋಗೋದು ಒಳ್ಳೇದಲ್ಲ.”

ರಮೇಶ್‌ಬಾಬು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. “ಒಂದು ವಾರ ತಾನೇ” ಅಂದ. ಎರಡು ಕಡೆಗೂ ಸೀಟಿ ಊದುವ ಕಂಡಕ್ಟರು.

ನನಗೆ ತಡೆಯಲಿಲ್ಲ. “ಆವತ್ತೂ ನಿಂದೇ ಹಟ, ಇವತ್ತೂ ನಿಂದೇ ಹಟ! ನಾನು ಹೇಳಿರ್ಲಿಲ್ವಾ? ಲೋಹದ್ದು ಹಾಕಿಸ್ಕೋ ಅಂತ ಕಾಲು ಹಿಡ್ಕೊಂಡು ಹೇಳ್ಲಿಲ್ವಾ? ಮಗು ಬೇಕು ಮಗು ಬೇಕು ಅಂತ ಕುಣಿದೆ, ಈಗ ಅನುಭವಿಸು!”

ಹದಿನಾಲ್ಕು ವರ್ಷ ನುಂಗಿಕೊಂಡದ್ದು ಒಂದೇ ಉಸಿರಿಗೆ ಬಂತು. ಶಿರೀಷಾ ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ತಿರುಗಿದೆ. ಸೊಪ್ಪಿನ ಹೊರೆ ಹೊತ್ತು ತನುಜ ಬಾಗಿಲಲ್ಲಿ ನಿಂತಿದ್ದಳು.

ಸಂಜೆ ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಳು. ಗಿಡದ ಸಾಲಿನ ಮಧ್ಯೆ ಕೂತು ಎಲೆ ಕೀಳುತ್ತಿದ್ದಳು, ಬುಟ್ಟಿಗೆ ಹಾಕುತ್ತಿರಲಿಲ್ಲ.

“ಅಜ್ಜಿ, ನನ್ನಿಂದಾನಾ ಅಮ್ಮಂಗೆ ಹಿಂಗಾಗಿದ್ದು?”

ನನ್ನ ಮುಂದೆ ಎಷ್ಟೋ ಮಕ್ಕಳು ಅತ್ತಿವೆ. ಬೆಲ್ಲ ಕೊಟ್ಟು, ಕಥೆ ಹೇಳಿ ಸುಮ್ಮನಾಗಿಸಿದ್ದೇನೆ. ಇವಳು ಅಳುತ್ತಿರಲಿಲ್ಲ, ಅದೇ ಕಷ್ಟವಾಯಿತು. ಅವಳ ಪಕ್ಕ ಮಣ್ಣಲ್ಲೇ ಕೂತೆ.

“ನಿನ್ನಿಂದ ಅಲ್ಲ ಕಣಮ್ಮ. ಅವಳಿಗೆ ನೀನು ಬೇಕಾಗಿದ್ದೆ. ಬೇಕಾದ್ದನ್ನ ಅವಳೇ ಕೇಳಿ ತಗೊಂಡ್ಳು. ನಿನ್ನನ್ನ ಯಾರಾದ್ರೂ ಕೇಳಿದ್ರಾ? ಇಲ್ವಲ್ಲ. ಮತ್ತೆ ನಿಂದೇನು ತಪ್ಪು?”

“ನೀವು ಬೇಡ ಅಂದಿದ್ರಂತೆ.”

“ಹೂಂ, ಅಂದಿದ್ದೆ. ಆಗ ನಿನ್ನ ಮುಖ ನೋಡಿರ್ಲಿಲ್ಲ.”

“ಅಮ್ಮ ನಿಮ್ಮ ಮಾತು ಕೇಳಿದ್ರೆ ನಾನು ಇರ್ತಿರ್ಲಿಲ್ಲ ಅಲ್ವಾ ಅಜ್ಜಿ.”

ಅವಳು ಕಿತ್ತು ಬಿಟ್ಟ ಎಲೆಗಳನ್ನು ಆರಿಸಿ ಬುಟ್ಟಿಗೆ ಹಾಕಿದೆ. ಆಮೇಲೆ ಇಬ್ಬರೂ ಮನೆಗೆ ಬಂದೆವು. ಇಷ್ಟು ವರ್ಷ ನನ್ನ ಮಾತೇ ಸರಿ ಅಂತ ಮೆರೆದೆನಲ್ಲ. ಈ ಹುಡುಗಿಯ ಮುಂದೆ ನಿಲ್ಲಿಸಿದರೆ ಅದು ಎಂಥ ಕೆಟ್ಟ ಸರಿ.

ಜೂನ್ 14, ಶನಿವಾರ

ಹುಳು ಕೊಟ್ಟುಬಿಟ್ಟೆ.

ನಾಲ್ಕನೇ ಜ್ವರ ಎದ್ದ ಹುಳುವನ್ನು ಬೇರೆ ಮನೆಯ ಹೊಸ್ತಿಲು ದಾಟಿಸಬಾರದು ಅಂತ ನಮ್ಮತ್ತೆ ಹೇಳುತ್ತಿದ್ದರು. ಹೆತ್ತ ಮನೆಯಿಂದ ಹೊಟ್ಟೆಗಿಲ್ಲದೆ ಕಳಿಸಿದಂತೆ ಎಂಬುದು ಅವರ ಮಾತು. ಅವರು ಸತ್ತ ಮೇಲೂ ನಾನು ಮೀರಿರಲಿಲ್ಲ. ಬೆಳಗ್ಗೆ ಓಬಳಮ್ಮನನ್ನೂ ಅವಳ ಇಬ್ಬರು ಗಂಡುಮಕ್ಕಳನ್ನೂ ಕರೆದು, ಸೊಪ್ಪಿನ ಕಡ್ಡಿ ಸಮೇತ ಎತ್ತಿಕೊಂಡು ಹೋಗಿ, ಗೂಡಾದರೆ ನಿಮ್ಮದು ಅಂದೆ.

“ತಲೆ ಕೆಟ್ಟದಾ ಅಕ್ಕಾ? ಇನ್ನೊಂದು ವಾರಕ್ಕೆ ಗೂಡು!” ಅಂದಳು ಓಬಳಮ್ಮ.

“ಕೆಟ್ಟದೆ. ಎತ್ಕೊ” ಅಂದೆ.

ಶಿರೀಷಾ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಅರ್ಧ ಅಟ್ಟಣೆ ಖಾಲಿಯಾಗಿತ್ತು. “ಏನು ಮಾಡ್ತಿದ್ದೀರಿ ಅತ್ತಮ್ಮ” ಅಂದಳು. ಅಷ್ಟು ಅನ್ನಲು ಎರಡು ಸಲ ಉಸಿರು ತೆಗೆದುಕೊಂಡಳು.

“ಇನ್ನೇನು ನೆವ ಉಳಿದದೆ ನಿಂಗೆ? ಹೇಳು, ಅದನ್ನೂ ಎತ್ತಿ ಕೊಡ್ತೀನಿ.”

ಬೈಯುತ್ತಾಳೆ ಅಂದುಕೊಂಡಿದ್ದೆ. ಜಗಲಿಯ ಮೇಲೆ ಕೂತು ಅತ್ತಳು. “ಆವತ್ತು ಹುಡುಗಿ, ಧೈರ್ಯ ಇತ್ತು. ಈಗ ಭಯ ಆಗ್ತದೆ ಅತ್ತಮ್ಮ. ಎದ್ದು ಬರದಿದ್ರೆ ತನುಜ...” ಅಂದಳು. ಹುಳು ಅಂತ ಅವಳು ಹಟ ಮಾಡಿದ್ದು ಹುಳುವಿಗಾಗಿ ಅಲ್ಲ. ನಿಜ ನೋಡಲು ಹೆದರಿ ನಾನು ಬ್ಲೀಚಿಂಗ್ ಅಂದ ಹಾಗೆ ಅವಳು ಹುಳು ಅಂದಳು, ಅಷ್ಟೇ.

ಅವಳ ತಲೆ ನನ್ನ ಹೊಟ್ಟೆಗೆ ಒರಗಿಸಿಕೊಂಡು ನಿಂತಿದ್ದೆ. ನನಗೂ ಭಯ ಅಂತ ಹೇಳಲಿಲ್ಲ. ಇಬ್ಬರೂ ಹೆದರಿ ಕೂತರೆ ಬಸ್ಸು ಹತ್ತುವವರು ಯಾರು?

ಜೂನ್ 16, ಸೋಮವಾರ, ಬೆಂಗಳೂರು

ಸೇರಿಸಿಕೊಂಡರು. ತನುಜ ಓಬಳಮ್ಮನ ಮನೆಯಲ್ಲಿದ್ದಾಳೆ.

ಸಂಜೆ ಆಪರೇಶನ್ ಮಾಡುವ ಡಾಕ್ಟರು ಬಂದು ಮಂಚದ ಪಕ್ಕ ಕೂತರು. ತಲೆ ನರೆತವರು, ಅವಸರವಿಲ್ಲದ ಮಾತು. ಎರಡನೇ ಸಲ ಎದೆ ತೆರೆಯುವುದು ಮೊದಲನೇ ಸಲದ ಹಾಗಲ್ಲ, ಒಳಗೆಲ್ಲ ಅಂಟಿಕೊಂಡಿರುತ್ತದೆ, ಅಪಾಯ ಹೆಚ್ಚು ಅಂದರು, ಮುಚ್ಚಿಡಲಿಲ್ಲ. ಎದೆ ತೆರೆಯದೆ, ಕಾಲಿನ ರಕ್ತನಾಳದಿಂದ ಹೊಸ ವಾಲ್ವನ್ನು ಹಳೆಯದರ ಒಳಗೇ ಕೂರಿಸುವುದೂ ಉಂಟಂತೆ. ಆದರೆ ಇವಳ ಹಳೆ ವಾಲ್ವಿನ ಅಳತೆ ಚಿಕ್ಕದು, ಒಳಗೆ ಇನ್ನೊಂದು ಕೂರಿಸಿದರೆ ದಾರಿ ಇಕ್ಕಟ್ಟಾಗುತ್ತದೆ. ಇವಳಿಗೆ ಆಗುವುದಿಲ್ಲ ಅಂದರು. ಆಮೇಲೆ ಅದೇ ಹಳೆಯ ಪ್ರಶ್ನೆ ಕೇಳಿದರು.

“ಲೋಹದ್ದು ಹಾಕಿದರೆ ಜೀವನಪೂರ್ತಿ ರಕ್ತ ತೆಳು ಮಾಡೋ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಪೆಟ್ಟು ಬಿದ್ದರೆ ರಕ್ತ ನಿಲ್ಲೋದು ನಿಧಾನ. ಅಂಗಾಂಶದ್ದೇ ಮತ್ತೆ ಹಾಕಿದರೆ ಆ ರಗಳೆ ಕಡಿಮೆ, ಆದರೆ ಮುಂದೆ ಮೂರನೇ ಸಲ ಏನಾದರೂ ಮಾಡಬೇಕಾಗುತ್ತೆ. ಯೋಚನೆ ಮಾಡಿ.”

ಶಿರೀಷಾ ನನ್ನ ಕಡೆ ತಿರುಗಿದಳು. “ಈ ಸಲ ಅತ್ತಮ್ಮ ಹೇಳಲಿ.”

ಹದಿನಾಲ್ಕು ವರ್ಷದಿಂದ ಈ ಮಾತಿಗೆ ಕಾದಿದ್ದೆ. ಉತ್ತರವೂ ಬಾಯಲ್ಲೇ ಸಿದ್ಧವಾಗಿತ್ತು. ಡಾಕ್ಟರು ನೋಡುತ್ತಿದ್ದಾರೆ, ಮಗ ನೋಡುತ್ತಿದ್ದಾನೆ. ನನಗೆ ತೋಟದ ಮಣ್ಣಲ್ಲಿ ಕೂತ ಆ ಹುಡುಗಿಯ ಮುಖವೇ ಕಾಣುತ್ತಿತ್ತು.

“ನೀನೇ ಹೇಳಮ್ಮ” ಅಂದೆ. “ಆವತ್ತೂ ನೀನೇ ಸರಿಯಾಗಿ ಹೇಳಿದ್ದೆ.”

ಅವಳು ನನ್ನ ಕೈ ಹಿಡಿದುಕೊಂಡೇ ಡಾಕ್ಟರಿಗೆ “ಲೋಹದ್ದು ಹಾಕಿ ಸಾರ್. ನನಗೊಬ್ಬಳು ಮಗಳಿದ್ದಾಳೆ, ಸಾಕು” ಅಂದಳು.

ಜೂನ್ 19, ಗುರುವಾರ

ಬೆಳಗ್ಗೆ ಒಳಗೆ ಕರೆದುಕೊಂಡು ಹೋದರು. ಸ್ಟ್ರೆಚರ್ ಬಾಗಿಲು ದಾಟುವಾಗ “ತನುಜಂಗೆ ಜಡೆ ಬಿಗಿಯಾಗಿ ಹಾಕಬೇಡಿ, ತಲೆನೋವು ಅಂತಾಳೆ” ಅಂದಳು. ಅದೊಂದೇ ಮಾತು.

ಬರೆದರೆ ಹೊತ್ತು ಹೋಗುತ್ತದೆ ಅಂದುಕೊಂಡೆ. ಹೋಗುತ್ತಿಲ್ಲ. ರಮೇಶ್‌ಬಾಬು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಾನೆ. ಬಸ್ಸಿನಲ್ಲಿ ಹಾಗೇ ನಡೆದು ಅಭ್ಯಾಸ. ಕೂತ್ಕೊಳಪ್ಪ ಅಂದೆ, ಕೂರಲಿಲ್ಲ.

ಮೆಲ್ಲಗೆ ಉಸಿರಾಡು ಅಂದಿದ್ದೆನಲ್ಲ ನಾನು. ಜೋರಾಗಿ ಉಸಿರಾಡು ತಾಯಿ. ಊರಿಗೆಲ್ಲ ಕೇಳುವ ಹಾಗೆ ಉಸಿರಾಡು.

ಜೂನ್ 20, ಶುಕ್ರವಾರ

ರಕ್ತ ನಿಲ್ಲಲಿಲ್ಲವಂತೆ, ಮತ್ತೆ ಒಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದಾರೆ. ಬರೆಯಲಾರೆ.

ಜೂನ್ 23, ಸೋಮವಾರ

ಕಣ್ಣು ಬಿಟ್ಟಳು. ಗಂಟಲಿನ ನಳಿಗೆ ತೆಗೆದಿದ್ದಾರೆ. ಐದು ನಿಮಿಷ ಬಿಟ್ಟರು. ಧ್ವನಿಯೇ ಇರಲಿಲ್ಲ. ತುಟಿಯ ಹತ್ತಿರ ಕಿವಿ ಕೊಟ್ಟೆ.

“ಹುಳು ಗೂಡು ಕಟ್ಟಿದ್ವಾ?”

ಸಾಯುವ ಬಾಗಿಲು ಮುಟ್ಟಿ ಬಂದವಳು ಕೇಳುವ ಮಾತೇ ಇದು? ಕಟ್ಟಿವೆ ಕಣೇ, ಓಬಳಮ್ಮ ಚಂದ್ರಿಕೆಗೆ ಹಾಕಿದ್ದಾಳೆ, ಬಂಗಾರದ ಹಾಗಿವೆಯಂತೆ ಅಂದೆ. ನಕ್ಕಳು. ಆಚೆ ಬಂದು ಗೋಡೆಗೆ ಮುಖ ಕೊಟ್ಟು ಅತ್ತೆ. ಅಂಗನವಾಡಿ ಟೀಚರು ಅಳಬಾರದು ಅಂತ ಕಾನೂನೇನಿಲ್ಲ.

ಜುಲೈ 12, ಶನಿವಾರ, ಸಾದಲಿ

ಮನೆಗೆ ಬಂದು ಹತ್ತು ದಿನವಾಯಿತು. ಜಡೆ ಸಡಿಲವಾಗಿ ಹಾಕುವುದನ್ನು ಕಲಿತಿದ್ದೇನೆ.

ಹೊಸ ರಗಳೆ ಸೊಪ್ಪಿನದು. ಆ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ದಿನ ರಾಶಿ ತಿಂದು ಇನ್ನೊಂದು ದಿನ ಬಿಡಬಾರದಂತೆ, ದಿನವೂ ಒಂದೇ ಹದದಲ್ಲಿರಬೇಕು. ಬಸ್ಸಾರು ಇಲ್ಲದೆ ಮುದ್ದೆ ಇಳಿಯದ ಮನೆ ನಮ್ಮದು. ಈಗ ಒಂದು ಲೋಟವನ್ನೇ ಅಳತೆಗೆ ಇಟ್ಟಿದ್ದೇನೆ. “ಹುಳುಗಳಿಗೆ ಹೊರೆಗಟ್ಟಲೆ, ನನಗೆ ಲೋಟದಲ್ಲಿ” ಅಂತ ಶಿರೀಷಾ ಗೊಣಗುತ್ತಾಳೆ. ಗೊಣಗಲಿ, ಅಷ್ಟಾದರೂ ಉಸಿರಿದೆ. ನಿನ್ನೆ ಹಲ್ಲುಜ್ಜುವಾಗ ಅವಳ ಒಸಡಿನಿಂದ ರಕ್ತ ಬಂತು, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿಸಿದರೆ ಮಾತ್ರೆ ಸ್ವಲ್ಪ ಇಳಿಸಿದರು. ಇನ್ನು ಮೇಲೆ ಹೀಗೇ, ಒಂದು ಕಣ್ಣು ಸದಾ ಅವಳ ಮೇಲೆ.

ಕತ್ತಿ, ಕುಡುಗೋಲು ಅವಳ ಕೈಗೆ ಸಿಗದಂತೆ ಅಟ್ಟ ಸೇರಿವೆ. ಸೊಪ್ಪು ಕುಯ್ಯುವುದು ಇನ್ನು ನಾನು ಮತ್ತು ಓಬಳಮ್ಮ.

ಓಬಳಮ್ಮ ಒಂದು ದಿನ ತಂಬಿಟ್ಟು ತಂದವಳು ಶಿರೀಷಾಳ ಪಕ್ಕ ಕೂತು, “ಅಕ್ಕಾ, ಎಲ್ಲೋ ಗಡಿಯಾರ ಬಡ್ಕೊಂತಾ ಅದೆ” ಅಂದಳು. ನನಗೆ ಕೇಳಿಸಲಿಲ್ಲ. ಈ ವಯಸ್ಸಿಗೆ ಕಿವಿ ಮಂದ. ಲೋಹದ ವಾಲ್ವು ಮುಚ್ಚುವಾಗ ಸದ್ದು ಮಾಡುತ್ತದೆ ಅಂತ ಡಾಕ್ಟರು ಹೇಳಿದ್ದರು. ಶಿರೀಷಾಳಿಗೆ ಅದೇ ಚಿಂತೆ. ದಿಂಬಿಗೆ ಕಿವಿ ಇಟ್ಟರೆ ಅದೇ ಸದ್ದು, ನಿದ್ದೆ ಬರುವುದಿಲ್ಲ ಅನ್ನುತ್ತಾಳೆ. ತನುಜ ತಾಯಿಯ ಬಾಯಿ ತೆರೆಸಿ ಕಿವಿಯಿಟ್ಟು ಕೇಳಿ ನಗುತ್ತಾಳೆ. ನನಗೊಬ್ಬಳಿಗೇ ಕೇಳಿಸುವುದಿಲ್ಲ.

ನವೆಂಬರ್ 9, ಭಾನುವಾರ

ಆಪರೇಶನ್ ಆದ ಮೇಲೆ ಮೊದಲ ಬೆಳೆ. ಬೇಡ ಅಂದೆ. ಡಾಕ್ಟರು ಭಾರ ಎತ್ತದಿದ್ದರೆ ಆಯಿತು ಅಂದಿದ್ದಾರೆ, ಮತ್ತೆ ನಮ್ಮ ಶಿರೀಷಾ ಕೇಳಬೇಕಲ್ಲ. ಆಚಾರಿಯ ಹತ್ತಿರ ಕಾಲುಂಗುರ ಹಿಗ್ಗಿಸಿ ತಂದಿದ್ದೆ. ಇವತ್ತು ಬೆಳಗ್ಗೆ ಹಾಕಿಕೊಂಡಳು. ಅಗತ್ಯವೇ ಇರಲಿಲ್ಲ, ಕಾಲು ಇಳಿದು ಈಗ ಸಡಿಲವಾಗಿವೆ.

ಹುಳು ನಾಲ್ಕನೇ ಜ್ವರಕ್ಕೆ ಕೂತವು. ಮಧ್ಯಾಹ್ನ ಇಬ್ಬರೂ ಒಳಗೆ ಹೋದೆವು. ಸುಣ್ಣ ಉದುರಿಸುವುದು ನಾನು, ಅವಳು ಮುಖಕ್ಕೆ ಪಂಚೆಯ ಬಟ್ಟೆ ಕಟ್ಟಿಕೊಂಡು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ. ಅಲ್ಲಿಂದಲೇ ಇಲ್ಲಿ ಕಡಿಮೆಯಾಯಿತು, ಅಲ್ಲಿ ಹೆಚ್ಚಾಯಿತು ಅಂತ ಕೈಸನ್ನೆಯಲ್ಲಿ ಯಜಮಾನಿಕೆ. ತಲೆಯೆತ್ತಿ ಕೂತ ಹುಳು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಷ್ಟು ಮೌನ.

ಆಗ ಕೇಳಿಸಿತು. ಮೊದಲು ಗೋಡೆಯ ಹಲ್ಲಿ ಅಂದುಕೊಂಡೆ. ಅಲ್ಲ. ಟಿಕ್, ಟಿಕ್, ಟಿಕ್. ಸಣ್ಣದು, ಒಂದೇ ಹದ, ಎಲ್ಲೂ ತಪ್ಪುತ್ತಿರಲಿಲ್ಲ. ಸುಣ್ಣದ ಜರಡಿ ಹಿಡಿದ ಕೈ ಹಾಗೇ ನಿಂತಿತು. ಜೂನಿನಲ್ಲಿ ಇದೇ ಜಾಗದಲ್ಲಿ ನಿಂತು ನಾನು ಕೇಳಿದ ಸದ್ದು ಬೇರೆ ಇತ್ತು.

“ಏನು ಅತ್ತಮ್ಮ?” ಅಂದಳು ಪಿಸುಮಾತಿನಲ್ಲಿ.

ಏನಿಲ್ಲ ಅಂತ ತಲೆಯಾಡಿಸಿದೆ. ಅವಳಿಗೇ ಹೊಳೆಯಿತು. ಎದೆಯ ಮೇಲೆ ಕೈ ಇಟ್ಟುಕೊಂಡಳು, ಮುಖ ಸಣ್ಣದಾಯಿತು.

“ಹುಳು ಜ್ವರಕ್ಕೆ ಕೂತವೆ, ಸದ್ದಾಗ್ತದೆ. ನಾನು ಆಚೆ ಹೋಗ್ಲಾ?”

“ಕೂತ್ಕೊ” ಅಂದೆ. “ಇದೊಂದು ಸದ್ದು ಇರಲಿ.”